ಬೇರೆ ಬೇರೆ ಡಬ್ಬಿ

ನಮ್ಮ ಕ್ಯಾಪ್ಟನ್ ಅವರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಚಿಕ್ಕವರಿದ್ದಾಗ ಅಲ್ಲಾಳಸಂದ್ರದ ಮನೆಯ ಬಾವಿಯ ರಾಟೆಗೆ ಸಿಕ್ಕಿ ಮುರಿದದ್ದಂತೆ, ಮೂಳೆ ಹಾಗೇ ಕೂಡಿಕೊಂಡುಬಿಟ್ಟಿತ್ತು. ಕಾಕ್‌ಪಿಟ್‌ನ ಎಡಗಡೆ, ಕ್ಯಾಪ್ಟನ್ ಕೂರುವ ಸೀಟಿನಲ್ಲಿ ಕೂತು ಆ ಸೊಟ್ಟ ಬೆರಳನ್ನು ಒಂದೊಂದು ಸ್ವಿಚ್ಚಿನ ಮೇಲೂ ಇಟ್ಟು, ನೋಡಿ, ಆಮೇಲೆ ಬಾಯಿಬಿಟ್ಟು ಹೇಳುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದ ವಿಮಾನ ಹಾರಿಸುತ್ತಿದ್ದ ಮನುಷ್ಯ. ಕಣ್ಣು ಕಟ್ಟಿದರೂ ಆ ಸ್ವಿಚ್ಚುಗಳನ್ನು ಹುಡುಕಬಲ್ಲವರು. ಆದರೂ ಬೆರಳಿಡದೆ ಮುಂದೆ ಹೋದವರಲ್ಲ.

ನಾನು ಆಗ ಹೊಸ ಕೋಪೈಲಟ್. ಅಪ್ಪ ಗದಗದಿಂದ ಬಂದು ಯಲಹಂಕದ ಫ್ಯಾಕ್ಟರಿಯಲ್ಲಿ ದುಡಿದು ನನ್ನನ್ನು ಓದಿಸಿದ್ದರು. ನನಗೋ ಎಲ್ಲವೂ ಬಾಯಿಪಾಠ ಎಂಬ ಜಂಬ. ಮೊದಲ ದಿನವೇ ಒಂದು ಸ್ವಿಚ್ಚಿನ ಬಗ್ಗೆ ಅವರು ಕೇಳಿದಾಗ, "ಗೊತ್ತು ಸರ್, ಆನ್ ಇದೆ" ಅಂದೆ.

"ಗೊತ್ತು ಅನ್ಬೇಡಮ್ಮಾ. ನೋಡ್ದೆ ಅನ್ನು," ಅಂದರು. ನಾನು ತಿರುಗಿ ನೋಡುವವರೆಗೂ ವಿಮಾನ ಅಲ್ಲಾಡಲಿಲ್ಲ.

ಊಟದ ವಿಷಯದಲ್ಲಂತೂ ಅವರ ಶಿಸ್ತು ನಗು ತರಿಸುತ್ತಿತ್ತು. ಹಾರುವಾಗ ಇಬ್ಬರು ಪೈಲಟ್‌ಗಳು ಒಂದೇ ಅಡುಗೆ ತಿನ್ನಬಾರದು. ಅದರಲ್ಲಿ ಏನಾದರೂ ಕೆಟ್ಟಿದ್ದರೆ ಇಬ್ಬರಿಗೂ ಒಟ್ಟಿಗೆ ಹೊಟ್ಟೆ ಕೆಟ್ಟು ವಿಮಾನ ನಡೆಸುವವರೇ ಇಲ್ಲದಂತಾಗುತ್ತದೆ. ಅವರ ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟು, ನನ್ನದರಲ್ಲಿ ಅಮ್ಮ ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಚಟ್ನಿಯ ವಾಸನೆಗೆ ಅವರ ಮೂಗು ಅರಳುತ್ತಿತ್ತು. ಒಂದು ಚೂರು ರುಚಿ ನೋಡಿ ಎಂದರೆ, "ಆಸೆ ಇದೆ ಕಣಮ್ಮಾ, ಆದ್ರೆ ಬೇಡ," ಅನ್ನುತ್ತಿದ್ದರು. ಇಳಿದ ಮೇಲಾದರೂ ತಿನ್ನಿ ಎಂದರೆ, "ನಾಳೆ ಬೆಳಗ್ಗೇನೂ ಇಬ್ರೂ ಜೊತೆಗೇ ಹೋಗ್ಬೇಕಲ್ಲ." ಇಷ್ಟೂ ಅತಿ ಮಾಡಬೇಕೇ ಎಂದು ನಾನು ಅಮ್ಮನ ಹತ್ತಿರ ಆಡಿಕೊಂಡಿದ್ದೆ.

ಇನ್ನೊಂದು ಮಾತನ್ನು ಪ್ರತಿ ಸಲ ಹೊರಡುವ ಮೊದಲು ಹೇಳುತ್ತಿದ್ದರು. ಅದು ಎಲ್ಲ ಕಾಕ್‌ಪಿಟ್‌ಗಳ ನಿಯಮವೇ. ವಿಮಾನ ನಡೆಸುತ್ತಿರುವವರನ್ನು ಎರಡು ಸಲ ಎಚ್ಚರಿಸಿದರೂ ಉತ್ತರ ಬರದಿದ್ದರೆ, ಪಕ್ಕದವರು "ಐ ಹ್ಯಾವ್ ಕಂಟ್ರೋಲ್" ಎಂದು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು. "ಮೂರನೇ ಸಲ ಕೇಳ್ತಾ ಕೂರ್ಬೇಡ. ನಾನು ಅಂತ ಮುಖ ನೋಡ್ಬೇಡ."

ಒಂದು ವಾರ ದಿನವೂ ನಸುಕಿನ ಡ್ಯೂಟಿ ಬಿದ್ದಿತ್ತು. ಹೆಬ್ಬಾಳದ ಫ್ಲೈಓವರ್ ಕೂಡ ಖಾಲಿಯಿರುವ ಹೊತ್ತಿಗೆ ಏಳುವ ದಣಿವು ಎಂಥದ್ದೆಂದರೆ, ನಿದ್ದೆ ಮಾಡಿದರೂ ಹೋಗುವುದಿಲ್ಲ. ಮೂಳೆಯೊಳಗೇ ಕೂತಿರುತ್ತದೆ. ಆ ವಾರದ ಕೊನೆಯ ದಿನ ಮುಂಬೈಗೆ ಹೋಗಿ ವಾಪಸ್ ಬರುತ್ತಿದ್ದೆವು. ವಿಮಾನ ಅವರ ಕೈಯಲ್ಲಿತ್ತು. ನನ್ನ ಬಲಕ್ಕೆ ಹೆಸರಘಟ್ಟದ ಕೆರೆ ಕಾಣಿಸಿತು, ಎದುರಿಗೆ ಬಿಸಿಲು. ಇಳಿಯುತ್ತಿದ್ದಂತೆ ವೇಗ ಇರಬೇಕಾದ್ದಕ್ಕಿಂತ ಕಡಿಮೆಯಾಗತೊಡಗಿತು.

"ಸ್ಪೀಡ್," ಅಂದೆ.

ಉತ್ತರವಿಲ್ಲ. ಅವರ ಕಣ್ಣು ತೆರೆದೇ ಇತ್ತು, ಕೈಯೂ ಅದರ ಜಾಗದಲ್ಲೇ ಇತ್ತು.

"ಸರ್, ಸ್ಪೀಡ್."

ಅವರು ಅಲ್ಲಿರಲಿಲ್ಲ. ಹಾಗೆನ್ನದೆ ಬೇರೆ ಹೇಗೆ ಹೇಳಲಿ. ನಾನು ಮೂರನೇ ಸಲ ಕೇಳಲಿಲ್ಲ. "ಐ ಹ್ಯಾವ್ ಕಂಟ್ರೋಲ್," ಎಂದು ವಿಮಾನವನ್ನು ಮತ್ತೆ ಮೇಲಕ್ಕೆತ್ತಿದೆ. ಇಂಜಿನ್ನಿನ ಸದ್ದಿಗೋ ಏನೋ ಅವರು ನಿದ್ದೆಯಿಂದೆದ್ದವರಂತೆ ಒಮ್ಮೆ ನನ್ನನ್ನು ನೋಡಿದರು. ಏನಾಯಿತು ಎಂದು ಕೇಳಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು "ಯು ಹ್ಯಾವ್ ಕಂಟ್ರೋಲ್" ಅಂದರು. ಒಂದು ಸುತ್ತು ಹಾಕಿ ಬಂದು ನಾನೇ ಇಳಿಸಿದೆ.

ಪ್ರಯಾಣಿಕರೆಲ್ಲ ಹೋದ ಮೇಲೂ ಇಬ್ಬರೂ ಕೂತೇ ಇದ್ದೆವು.

"ಎಷ್ಟು ಸಲ ಕರೆದೆ?"

"ಎರಡು ಸಲ ಸರ್."

"ನಂಗೆ ಒಂದೂ ಕೇಳಿಸ್ಲಿಲ್ಲ."

ಅವರ ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಇದು ಹೊರಗೆ ಬಂದರೆ ಅವರು ಮತ್ತೆ ಹಾರುವುದು ಅನುಮಾನ ಎಂದು ಇಬ್ಬರಿಗೂ ಗೊತ್ತಿತ್ತು. "ದಣಿವು ಸರ್. ಒಂದು ವಾರದಿಂದ ನಿದ್ದೆ ಎಲ್ಲಿದೆ ನಮಗೆ?" ಅಂದೆ.

"ದಣಿವೇ ಇರ್ಬೋದು. ಅದನ್ನ ಡಾಕ್ಟರ್ ನೋಡಿ ಹೇಳ್ಲಿ. ನೀನು ಕಂಡಿದ್ದನ್ನ ಕಂಡ ಹಾಗೇ ಹೇಳು, ನಾನೂ ಹೇಳ್ತೀನಿ." ಮಾತು ಮುಗಿಸಿ, ಸೊಟ್ಟ ಬೆರಳನ್ನು ಒಂದೊಂದು ಸ್ವಿಚ್ಚಿನ ಮೇಲೂ ಇಟ್ಟು, ಹೆಸರು ಹೇಳುತ್ತಾ ಎಲ್ಲವನ್ನೂ ಆರಿಸಿದರು. ಅದೇ ಅವರ ಕೊನೆಯ ಹಾರಾಟ. ಅದು ಬರೀ ದಣಿವಲ್ಲ, ತಲೆಯೊಳಗಿನ ಕಾಯಿಲೆ, ಕ್ಷಣಕಾಲ ಎಚ್ಚರ ತಪ್ಪುತ್ತದೆ ಎಂದರು ಡಾಕ್ಟರು.

ಈಗ ಎಡಗಡೆ ಸೀಟು ನನ್ನದು. ಪಕ್ಕಕ್ಕೆ ಬರುವ ಹೊಸಬರಿಗೆಲ್ಲ ಅವರ ಮಾತನ್ನೇ ಹೇಳುತ್ತೇನೆ. ಎಷ್ಟೇ ಸುಸ್ತಾಗಿರಲಿ, ಬೆರಳಿಡದೆ ಮುಂದೆ ಹೋಗುವುದಿಲ್ಲ. ಕೆಲವರು ನಗುತ್ತಾರೆ, ನಗಲಿ.

ಅವರು ತೀರಿಕೊಳ್ಳುವ ಮೊದಲಿನ ಯುಗಾದಿಗೆ ರೊಟ್ಟಿ, ಚಟ್ನಿ ಕಟ್ಟಿಸಿಕೊಂಡು ಅಲ್ಲಾಳಸಂದ್ರಕ್ಕೆ ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ತಟ್ಟೆ ತಂದಿಟ್ಟು, "ಇವತ್ತು ಹಸಿವು ಅಂದ್ರು ನೋಡಮ್ಮಾ," ಎಂದು ಒಳಗೆ ಹೋದರು. ಕ್ಯಾಪ್ಟನ್ ಡಬ್ಬಿ ತೆಗೆದು, ಒಂದು ರೊಟ್ಟಿಯನ್ನು ಎರಡಾಗಿ ಮುರಿದು, ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು.

"ಈಗ ಇಬ್ರೂ ಒಂದೇ ತಿನ್ಬೋದು ಕಣಮ್ಮಾ," ಅಂದರು.

ನಾನು ಚಟ್ನಿಯನ್ನು ಅವರ ಹತ್ತಿರಕ್ಕೆ ಸರಿಸಿದೆ. ಅವರು ಚಟ್ನಿ ಮುಗಿಯುವವರೆಗೂ ತಿಂದರು.