ಎರಡು ಸಲ ಹಿಂಡಿದರೆ ಸಾಕು

ಫಳಫಳ ಅಕ್ಕನ ಕೈಗೆ ಸಿಕ್ಕ ವಸ್ತು ಯಾವುದೂ ತೊಳೆಸಿಕೊಳ್ಳದೆ ಪಾರಾದದ್ದಿಲ್ಲ. ಒಂದು ದೊಡ್ಡ ಹಾಸ್ಟೆಲಿನ ಅಡುಗೆಮನೆಗೆ ಪಾತ್ರೆ ತೊಳೆಯಲು ಸೇರಿ, ಕೊನೆಗೆ ತೊಳೆಯುವವರ ಮೇಲೆಲ್ಲ ಯಜಮಾನಿಕೆ ಮಾಡಿ, ಕೂದಲು ಬೆಳ್ಳಗಾಗುವವರೆಗೂ ತಿಕ್ಕಿದ ಜೀವ ಅದು. ತಟ್ಟೆಯಲ್ಲಿ ಮುಖ ಕಾಣಲಿಲ್ಲವೋ, ಆ ತಟ್ಟೆ ಮತ್ತೆ ನಲ್ಲಿಯ ಕೆಳಗೆ ವಾಪಸು. ಹಾಸ್ಟೆಲಿನ ಹುಡುಗಿಯರು ಗೇಲಿಗೆಂದು ಇಟ್ಟ ಹೆಸರನ್ನು ಅಕ್ಕ ಬಿರುದಿನ ಹಾಗೆ ಹೊತ್ತು ಮೆರೆದಳು.

ಕೆಲಸದಿಂದ ಬಿಡುಗಡೆಯಾದ ಮೇಲೆ ತಮ್ಮನ ಮನೆಗೆ ಬಂದಳು. ತಮ್ಮನದು ಸಲೂನ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದೆ ಸಂಸಾರ. ತಮ್ಮನೂ ಅವನ ಹೆಂಡತಿಯೂ ಬಾಯ್ತುಂಬ ಕರೆದೇ ಕರೆಸಿಕೊಂಡಿದ್ದರು. ಆದರೆ ಕರೆಸಿಕೊಂಡವರ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುವವಳು ಅನ್ನಿಸಿಕೊಳ್ಳುವುದೇ? ಸಾಧ್ಯವೇ ಇಲ್ಲ. ಬಂದ ವಾರದಲ್ಲೇ ಅಂಗಡಿಯ ಕನ್ನಡಿಗಳು, ಕುರ್ಚಿಯ ಕಾಲುಗಳು, ಬಾಚಣಿಗೆಯ ಹಲ್ಲುಗಳ ಸಂದಿ ಎಲ್ಲ ಹೊಳೆದವು. ಕೆಟಲಿನ ತಳದ ಮಸಿ ಹೋಗಿ, ಅದು ನಮ್ಮ ಮನೆಯದ್ದಲ್ಲ ಎಂದು ತಮ್ಮ ಪಕ್ಕದ ಮನೆಗೆ ಕೊಡಲು ಹೊರಟಿದ್ದ. ಅವನ ಹೆಂಡತಿ ಅರ್ಧ ಕುಡಿದಿಟ್ಟ ಕಾಫಿ ಲೋಟ ತಿರುಗಿ ನೋಡುವಷ್ಟರಲ್ಲಿ ಬೋರಲಾಗಿರುತ್ತಿತ್ತು. ಅವಳು ಇನ್ನೊಂದು ಲೋಟ ಮಾಡಿಕೊಂಡು ನಿಂತಲ್ಲೇ ಕುಡಿಯುತ್ತಿದ್ದಳು.

ತೊಳೆಯದೆ ಉಳಿದದ್ದು ಒಂದೇ, ಸಲೂನಿನ ಬೆಂಚಿನ ಪಕ್ಕದ ಮೀನಿನ ತೊಟ್ಟಿ. ಅದರಲ್ಲಿ ಅಂಗೈ ಅಗಲದ ಒಂದು ಕಿತ್ತಳೆ ಬಣ್ಣದ ಮೀನು, ಹೆಸರು ದಢೂತಿ. ಜೊತೆಗೆ ಅದರ ಹಿಂದೆ ಹಿಂದೆ ಅಲೆಯುವ ಮೂರು ಪುಡಿ ಮೀನು. ಕ್ಷೌರಕ್ಕೆ ಬಂದ ಮಕ್ಕಳು ಕತ್ತರಿ ಕಂಡು ಬಾಯಿ ತೆಗೆದರೆ ತಮ್ಮ ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸುತ್ತಿದ್ದ. ದಢೂತಿ ಬಂದು ಗಾಜಿಗೆ ಮೂತಿ ಒತ್ತುತ್ತಿತ್ತು, ಮಗುವಿನ ಬಾಯಿ ಮುಚ್ಚುತ್ತಿತ್ತು. ಅಂಗಡಿಯ ಅರ್ಧ ಕೆಲಸ ಮಾಡುವುದು ಅದೇ ಎಂದು ತಮ್ಮ ಎಲ್ಲರೆದುರೂ ಹೇಳುವವನು.

ಹೀಗಿರಲು ಗಂಡಹೆಂಡತಿ ಎರಡು ದಿನ ಅವಳ ತವರಿಗೆ ಹೊರಟರು.

"ಅಕ್ಕ, ಮೀನಿಗೆ ಬೆಳಿಗ್ಗೆ ಒಂದು ಚಿಟಿಕೆ ಕಾಳು ಹಾಕು. ಇನ್ನೇನೂ ಮಾಡೋದು ಬೇಡ," ಎಂದ ತಮ್ಮ.

ಇನ್ನೇನೂ ಬೇಡ ಎಂಬ ಮಾತನ್ನು ಬೇರೆಯವರಿಗೆ ಹೇಳಬಹುದು, ಅಕ್ಕನಿಗೆ ಹೇಳಬಾರದು. ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಅವಳು ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಎನ್ನುತ್ತಿದ್ದ ಫಿಲ್ಟರಿನ ಮುಚ್ಚಳ ತೆಗೆದಾಗಿತ್ತು. ಒಳಗೆ ಒಂದು ಸ್ಪಂಜು, ಅದರಡಿ ಒಂದು ಹಿಡಿ ಪಿಂಗಾಣಿ ಚೂರುಗಳು. ಎಲ್ಲವೂ ಕಂದು ಲೋಳೆಯಲ್ಲಿ ಮುಳುಗಿದ್ದವು. ನೀರನ್ನು ಶುದ್ಧ ಮಾಡುವ ವಸ್ತುವೇ ಹೀಗಿದ್ದರೆ ಆ ನೀರಿನ ಗತಿ ಏನು ಎಂದುಕೊಂಡಳು ಅಕ್ಕ. ನೀರು ಮರಳಿಸಿದಳು, ಸೋಡಾಪುಡಿ ಹಾಕಿದಳು, ಕುದಿಸಿದಳು, ತಿಕ್ಕಿದಳು, ನಲ್ಲಿಯಡಿ ಹಿಡಿದು ಸೋಡಾದ ವಾಸನೆ ಹೋಗುವವರೆಗೂ ತೊಳೆದಳು, ಬಿಸಿಲಿಗೆ ಒಣಗಿಸಿದಳು. ಸ್ಪಂಜು ಅಂಗಡಿಯಿಂದ ಆಗ ತಾನೇ ತಂದಂತೆ ಬೆಳ್ಳಗಾಯಿತು. ಅದನ್ನು ಮತ್ತೆ ಫಿಲ್ಟರಿಗೆ ಸೇರಿಸುವಾಗ ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ತಮ್ಮ ಬಂದು ನೋಡಿ ಬೆರಗಾಗಲಿ ಎಂದು ಕಾದಳು.

ತಮ್ಮ ಬಂದು ನೋಡಿದಾಗ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಕದಡಿತ್ತು. ದಢೂತಿ ಮೇಲಕ್ಕೆ ಬಂದು, ಬಾಯನ್ನು ನೀರಿನಿಂದ ಆಚೆ ಇಟ್ಟು, ಗುಟುಕು ಗುಟುಕಾಗಿ ಗಾಳಿಗೆ ಒದ್ದಾಡುತ್ತಿತ್ತು. ತಮ್ಮ ಫಿಲ್ಟರ್ ತೆರೆದ, ಬಿಳಿ ಸ್ಪಂಜನ್ನು ನೋಡಿದ, ಮತ್ತೆ ಮುಚ್ಚಿದ. ಬೈಯಲಿಲ್ಲ. ಬೈದಿದ್ದರೆ ಅಕ್ಕ ತಿರುಗಿ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು.

"ಕೊಳೆ ಇತ್ತು ಕಣೋ, ತೆಗೆದೆ. ತಪ್ಪಾ?" ಎಂದಳು.

"ಅಕ್ಕ, ಮೀನಿನ ಹೊಲಸನ್ನ ತಿಂದು ನೀರನ್ನ ಶುದ್ಧ ಮಾಡೋ ಜೀವಗಳು ಆ ಸ್ಪಂಜಿನಲ್ಲೇ ಸಂಸಾರ ಹೂಡಿರ್ತವೆ. ಕಣ್ಣಿಗೆ ಕಾಣಲ್ಲ. ನೀನು ಎಲ್ಲರನ್ನೂ ಕುದಿಸಿಬಿಟ್ಟಿದ್ದೀಯ."

ಅಕ್ಕನ ಮುಖ ನೋಡಿ ತಮ್ಮನ ಹೆಂಡತಿ ಮಾತನ್ನು ಇನ್ನಷ್ಟು ಸುಲಭ ಮಾಡಿದಳು. "ಹೆಪ್ಪು ಇದ್ದ ಹಾಗೆ ಅಕ್ಕ. ಹೋದ ವಾರ ನಾನು ಎತ್ತಿಟ್ಟಿದ್ದ ಹೆಪ್ಪಿನ ಬಟ್ಟಲನ್ನೂ ತೊಳೆದಿಟ್ರಲ್ಲ, ಹಾಲು ಹಾಲಾಗೇ ಉಳೀತಲ್ಲ. ಹಾಗೇ ಇದೂ."

ಒಂದೇ ಉಸಿರಿನಲ್ಲಿ ಎರಡು ತಪ್ಪು ಹೊರಬಿದ್ದವು. 

ತಮ್ಮ ತೊಟ್ಟಿಯ ನೀರಿನಲ್ಲಿ ಒಂದು ಪಾಲು ತೆಗೆದು, ಹಿಡಿದಿಟ್ಟಿದ್ದ ನೀರು ತುಂಬಿದ. ಆ ಜೀವಗಳು ತಾವಾಗೇ ಹುಟ್ಟಲು ವಾರಗಳು ಬೇಕು, ದಢೂತಿ ಅಷ್ಟು ದಿನ ತಡೆಯುವುದು ಅನುಮಾನ, ಓಡುತ್ತಿರುವ ಬೇರೆ ಫಿಲ್ಟರಿನ ಕೊಳೆ ಸ್ವಲ್ಪ ಸಿಕ್ಕರೆ ಬದುಕೀತು ಎಂದ. ಅಷ್ಟರಲ್ಲಿ ಗಿರಾಕಿಗಳು ಬಂದು ಕೂತರು. ಅಕ್ಕ ಒಳಗೆ ಹೋಗಿ ಒಂದು ತೀರ್ಮಾನ ಮಾಡಿಕೊಂಡಳು. ದಢೂತಿ ಸತ್ತರೆ ಈ ಮನೆಯಲ್ಲಿ ಇರುವುದಿಲ್ಲ. ಹಾಸ್ಟೆಲಿನ ಹಳೆಯ ಜೊತೆಗಾತಿಯೊಬ್ಬಳ ಕೋಣೆ ಇದೆ, ಅಲ್ಲಿಗೆ ಹೋಗಿಬಿಡುವುದು. ಅದಕ್ಕೂ ಮೊದಲು ಒಂದು ಡಬ್ಬಿ ತೆಗೆದುಕೊಂಡು ಬೀದಿಗಿಳಿದಳು. ಜೀವಮಾನವಿಡೀ ಕೊಳೆಯನ್ನು ಓಡಿಸಿದವಳು ಈಗ ಕೊಳೆ ಬೇಡಲು ಹೊರಟಿದ್ದಳು.

ಬೀದಿಯಲ್ಲಿ ಮೀನಿನ ತೊಟ್ಟಿ ಇದ್ದದ್ದು ಇನ್ನೆರಡು ಕಡೆ. ಮೊದಲನೆಯದು ಕನ್ನಡಕದ ಅಂಗಡಿ. ಅಂಗಡಿಯವನು ಗಾಜಿನ ಬಾಗಿಲಾಚೆ ಫಳಫಳ ಅಕ್ಕ ಬಿರುಸಾಗಿ ಬರುವುದನ್ನು ಕಂಡ. ಹಿಂದಿನ ಸಲ ಬಂದಾಗ ಅವಳು ಕನ್ನಡಕದ ಕಪಾಟಿನ ಮೇಲೆ ಬೆರಳೆಳೆದು ಧೂಳು ತೋರಿಸಿ ಹೋಗಿದ್ದಳು. ಈ ಸಲ ಮಾನ ಉಳಿಸಿಕೊಳ್ಳಬೇಕೆಂದು ಆತ ಅಂಗಡಿಯಲ್ಲಿ ಕೊಳೆ ಉಳಿದಿದ್ದ ಒಂದೇ ವಸ್ತು, ಮೀನಿನ ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ಕಿತ್ತು ಒಳಗೆ ಓಡಿ, ಸೋಪು ಹಚ್ಚಿ ತಿಕ್ಕಿ, ಅವಳು ಒಳಗೆ ಕಾಲಿಡುವ ಹೊತ್ತಿಗೆ ತಂದು ಹೆಮ್ಮೆಯಿಂದ ಮುಂದೆ ಹಿಡಿದ.

"ನೋಡಿ ಅಕ್ಕಾ, ಒಂದು ಚೂರು ಕೊಳೆ ಇದ್ದರೆ ಕೇಳಿ," ಎಂದ.

"ಅದನ್ನೇ ಕೇಳೋಣ ಅಂತ ಬಂದೆ," ಎಂದು ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ವಿಷಯ ತಿಳಿದು ಆತನೂ ಪಕ್ಕದ ಸ್ಟೂಲಿನ ಮೇಲೆ ಕುಸಿದ. ಈಗ ಬೀದಿಯಲ್ಲಿ ಕೊಳೆ ಬೇಕಾದ ತೊಟ್ಟಿಗಳು ಎರಡಾದವು.

ಉಳಿದದ್ದು ಗ್ರೀಸ್ ಮಾವನ ಸೈಕಲ್ ರಿಪೇರಿ ಅಂಗಡಿ. ಆತನ ಬೆಂಚು, ಪಂಪು, ಅಂಗಿ, ಗಡ್ಡ ಎಲ್ಲ ಒಂದೇ ಬಣ್ಣ. ಬಂದ ಹೊಸತರಲ್ಲಿ ಅಕ್ಕ ಆ ಬೆಂಚಿನ ಮುಂದೆ ನಿಂತು, ನಾಲ್ಕು ಜನರೆದುರು, ನಾಯಿಯೂ ಬಾಲದಿಂದ ಗುಡಿಸಿಕೊಂಡು ಕೂರುತ್ತೆ ಎಂದಿದ್ದಳು. ಈಗ ಅದೇ ಬೆಂಚಿನ ಮುಂದೆ ಡಬ್ಬಿ ಹಿಡಿದು ನಿಂತಳು.

"ಏನು ಬೇಕಿತ್ತು ಅಕ್ಕಾ?"

"ನಿನ್ನ ಮೀನಿನ ಫಿಲ್ಟರಿನದು... ಸ್ವಲ್ಪ ಕೊಳೆ."

"ಏನಂದ್ರಿ? ಈ ಕಿವಿ ಸ್ವಲ್ಪ ಮಂದ."

"ಕೊಳೆ ಕಣಪ್ಪಾ. ನಿನ್ನ ಕೊಳೆ. ಕೈಮುಗೀತೀನಿ, ಕೊಡು."

ಟ್ಯೂಬು ಪ್ಯಾಚಿಗೆ ಕಾದಿದ್ದವರು ತಲೆ ಎತ್ತಿದರು. ಗ್ರೀಸ್ ಮಾವ ಸೇಡು ತೀರಿದವನ ಹಾಗೆ ಗಡ್ಡ ಕೆರೆದುಕೊಂಡು ನಗಲು ಹೊರಟಿದ್ದ. ಅವಳ ಕಣ್ಣಲ್ಲಿ ನೀರು ಕಂಡು ನಗು ಬಿಟ್ಟು ಎದ್ದ. ಕೈಯನ್ನು ಮಾತ್ರ ಮೊಳಕೈವರೆಗೂ ತೊಳೆದುಕೊಂಡು ಅವಳನ್ನು ಮೂಲೆಯ ತೊಟ್ಟಿಯ ಬಳಿ ಕರೆದೊಯ್ದ. ಅಂಗಡಿಯಲ್ಲಿ ಅದೊಂದು ಮಾತ್ರ ತಿಳಿಯಾಗಿತ್ತು. ಮೀನುಗಳು ಅಡ್ಡಾಡುತ್ತಿದ್ದವು.

ತನ್ನ ಮನೆಯ ಕಥೆಯನ್ನೂ ಕನ್ನಡಕದವನ ಕಥೆಯನ್ನೂ ಅವಳು ಹೇಳಿದ ಮೇಲೆ ಫಿಲ್ಟರಿನ ಸ್ಪಂಜನ್ನು ಕತ್ತರಿಯಿಂದ ಮೂರು ಪಾಲು ಮಾಡಿದ. ಒಂದನ್ನು ತಾನಿಟ್ಟುಕೊಂಡು, ಎರಡನ್ನು ಅವಳ ಡಬ್ಬಿಯಲ್ಲಿ ತೊಟ್ಟಿಯ ನೀರಿನ ಸಮೇತ ಹಾಕಿದ.

"ಒಣಗೋಕೆ ಬಿಡಬೇಡಿ. ಒಂದು ಕನ್ನಡಕದವನಿಗೆ."

"ಆಮೇಲೆ ಇದನ್ನ ತೊಳೆಯೋದೇ ಬೇಡವಾ?"

"ತೊಳೀಬೇಕು. ಕಟ್ಟಿಕೊಂಡರೆ ನೀರು ಹರಿಯಲ್ಲ, ಮೀನಿಗೆ ಆಗಲೂ ಕಷ್ಟ. ತೊಟ್ಟಿಯಿಂದ ತೆಗೆದ ನೀರೇ ಬಕೆಟ್ಟಿನಲ್ಲಿರಲಿ, ಅದರಲ್ಲಿ ಮೆತ್ತಗೆ ಎರಡು ಸಲ ಹಿಂಡಿ. ನಲ್ಲಿ ನೀರು ಬೇಡ, ಸೋಪು ಬೇಡ. ಎರಡು ಸಲ, ಸಾಕು."

"ಅಷ್ಟೇನಾ?"

"ಮೀನು ಸಾಕೋರಿಗೆ ಸಾಕು ಅನ್ನೋದು ಗೊತ್ತಿರಬೇಕು ಅಕ್ಕಾ," ಎಂದು ಗ್ರೀಸ್ ಮಾವ ತನ್ನ ಮಾತಿಗೆ ತಾನೇ ನಕ್ಕ.

ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು ಬಂದಳು. ಕಂದು ನೀರು ತುಳುಕಿ ಇಸ್ತ್ರಿ ಮಾಡಿ ಉಟ್ಟಿದ್ದ ಬಟ್ಟೆಯ ಮೇಲೆ ಹರಿಯಿತು. ಒರೆಸಿಕೊಳ್ಳಲೂ ಇಲ್ಲ. ದಾರಿಯಲ್ಲಿ ಕನ್ನಡಕದವನ ಪಾಲು ಕೊಟ್ಟು, ಮನೆಗೆ ಬಂದು ತನ್ನ ಪಾಲನ್ನು ತಮ್ಮನ ಕೈಗಿಟ್ಟಳು. ಅವನು ಅದನ್ನು ಬಿಳಿ ಸ್ಪಂಜಿನ ಪಕ್ಕ ಸೇರಿಸಿದ. ಅಂದಿನಿಂದ ದಿನವೂ ಒಂದು ಪಾಲು ನೀರು ಬದಲಾಯಿಸಿದರು, ಕಾಳು ಕಡಿಮೆ ಮಾಡಿದರು. ಅಕ್ಕ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಪುಡಿ ಮೀನುಗಳಲ್ಲಿ ಒಂದು ಹೋಯಿತು. ಅವಳು ಆ ದಿನ ಊಟ ಮಾಡಲಿಲ್ಲ. ನೀರು ನಿಧಾನಕ್ಕೆ ತಿಳಿಯಾಗುತ್ತಾ ಬಂತು. ಒಂದು ಬೆಳಿಗ್ಗೆ ಕುರ್ಚಿಯ ಮೇಲೆ ಮಗುವೊಂದು ರಾಗ ತೆಗೆಯುತ್ತಿರುವಾಗ ದಢೂತಿ ಮೇಲಿನಿಂದ ಇಳಿದು ಬಂದು ಗಾಜಿಗೆ ಮೂತಿ ಒತ್ತಿತು. ಮಗು ಸುಮ್ಮನಾಯಿತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

"ಇನ್ನು ಫಿಲ್ಟರಿನ ಕೆಲಸ ನಿನ್ನದೇ," ಎಂದ ತಮ್ಮ.

"ನನ್ನದಾ? ಇಷ್ಟೆಲ್ಲ ಆದ ಮೇಲೂ?"

"ಇಷ್ಟೆಲ್ಲ ಆದ ಮೇಲೆ ನಿನಗಿಂತ ಹುಷಾರಾಗಿ ಯಾರು ಮಾಡ್ತಾರೆ?"

ಮುಂದಿನ ತಿಂಗಳು ಅಕ್ಕ ಹಿತ್ತಲಲ್ಲಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಕೆಟ್ಟಿನಲ್ಲಿ ತೊಟ್ಟಿಯ ಹಳೆ ನೀರು. ಸ್ಪಂಜನ್ನು ಒಂದು ಸಲ ಹಿಂಡಿದಳು. ಎರಡು ಸಲ ಹಿಂಡಿದಳು. ಇನ್ನೂ ಕಂದಾಗಿಯೇ ಇತ್ತು. ಕೈ ತಾನಾಗಿ ಮೂರನೆಯ ಸಲಕ್ಕೆ ಹೋಯಿತು.

"ಸಾಕು ಅಕ್ಕ," ಎಂದಳು ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು.

ಅಕ್ಕನ ಕೈ ನಿಂತಿತು. 

"ಹಾಸ್ಟೆಲಿನಲ್ಲಿ ಅಷ್ಟು ವರ್ಷ ತಿಕ್ಕಿದೆ ಕಣೇ. ಇನ್ನೂ ಇದೆ, ಅದೂ ಇದೆ, ಇದೂ ಇದೆ ಅಂತ ತಂದು ಹಾಕಿದೋರೇ ಎಲ್ಲ. ಸಾಕು ಅಂತ ಒಬ್ಬರೂ ಅಂದಿರಲಿಲ್ಲ."

ತಮ್ಮನ ಹೆಂಡತಿ ಬಂದು ಅವಳ ಒದ್ದೆ ಕೈ ಹಿಡಿದು ಎಬ್ಬಿಸಿದಳು. "ನಾನು ಅಂತೀನಿ. ಸಾಕು, ಒಳಗೆ ಬಂದು ಕೂತ್ಕೊಳ್ಳಿ. ಕಾಫಿ ಮಾಡಿದ್ದೀನಿ, ನಿಮಗೂ ನನಗೂ."

ಸ್ಪಂಜನ್ನು ಫಿಲ್ಟರಿಗೆ ಸೇರಿಸಿ ಅಕ್ಕ ಒಳಗೆ ಹೋದಳು. ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿದರು. ಕುಡಿದ ಲೋಟಗಳು ಮೇಜಿನ ಮೇಲೆ ಹಾಗೇ ಇದ್ದವು. ಅಕ್ಕ ಏಳಲಿಲ್ಲ.