ಗೋಲಿನ ಹಿಂದಿನ ಕೆಂಪು ದೀಪ

ಐಸ್ ಹಾಕಿ ಎಂಬ ಆಟವನ್ನು ನಾನು ಮೊದಲ ಸಲ ನೋಡಿದ್ದು, ಅದರ ಗೋಲಿನ ಜಗಳ ತೀರಿಸುವ ಯಂತ್ರವನ್ನು ಕಟ್ಟಿ ಮುಗಿಸಿದ ಮೇಲೆ. ಈಗ ಹೇಳಿದರೆ ಜನ ನಗುತ್ತಾರೆ. ಆಗ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮವರೆಲ್ಲ ಕಂಪ್ಯೂಟರಿನ ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದು ತುಂಬಿಕೊಂಡಿದ್ದ ಕಾಲ ಅದು. ಎಡಿಸನ್, ಮೆಟುಚೆನ್ ಕಡೆ ಯಾವ ಅಪಾರ್ಟ್‌ಮೆಂಟಿನ ಬಾಗಿಲು ಬಡಿದರೂ ಒಬ್ಬ ಪ್ರೋಗ್ರಾಮರ್ ಹೊರಗೆ ಬರುತ್ತಿದ್ದ. ನಾನು ಮಾತ್ರ ತಂತಿಗೆ ಬೆಸುಗೆ ಹಾಕುವವಳು, ಎಲೆಕ್ಟ್ರಾನಿಕ್ಸ್ ಬಿ.ಇ. ಗದಗಿನ ಹತ್ತಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಹಮಾಲನ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ನಾನು ಎಲ್ಲೇ ಬರೆದರೂ ಹೇಳುತ್ತೇನೆ. ಓದುವವರು ಬೇಸರ ಮಾಡಿಕೊಳ್ಳಬಾರದು.

ನನ್ನದು ಸಣ್ಣ ಕಂಪನಿ. ಮಾಲೀಕ ಅಮೆರಿಕದವನು, ಎತ್ತರದ ಆಳು, ಹರೆಯದಲ್ಲಿ ಹಾಕಿ ಆಡಿ ಮುಂದಿನ ಹಲ್ಲು ಕಳೆದುಕೊಂಡವನು. ಆ ಆಟದಲ್ಲಿ ಚೆಂಡಿಲ್ಲ, ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಗೋಲಿನ ಬಾಯಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದಾಗ, ಬಿಲ್ಲೆ ಗೆರೆಯನ್ನು ಪೂರ್ತಿ ದಾಟಿತೋ ಇಲ್ಲವೋ ಯಾರಿಗೂ ಕಾಣುವುದಿಲ್ಲ. ದಾಟಿತು ಎಂದು ಇವರು, ಇಲ್ಲ ಎಂದು ಅವರು. ನಾವು ಬಿಲ್ಲೆಯ ಹೊಟ್ಟೆಯಲ್ಲಿ ಒಂದು ಎಲೆಕ್ಟ್ರಾನಿಕ್ ಚಿಪ್ಪನ್ನೂ ತಂತಿಯ ಸುರುಳಿಯನ್ನೂ ಹುದುಗಿಸಿದ್ದೆವು. ಗೆರೆಯ ಹಿಂದೆ, ಐಸಿನ ಅಡಿಯಲ್ಲಿ ಇನ್ನೊಂದು ತಂತಿಯ ಚಾಪೆ. ಬಿಲ್ಲೆ ಗೆರೆ ದಾಟಿ ಬಂದರೆ ಚಾಪೆಗೆ ಅದು ಕೇಳಿಸಬೇಕು, ಗೋಲಿನ ಹಿಂದೆ ಕೆಂಪು ದೀಪ ಹತ್ತಬೇಕು. ಚಾಪೆ, ಸುರುಳಿ ಎರಡೂ ನನ್ನ ಕೈಕೆಲಸ.

ಭಾನುವಾರ ಬೆಳಿಗ್ಗೆ ಡೆಮೋ ಎಂದು ಗೊತ್ತಾಯಿತು. ಸುತ್ತಲಿನ ಊರುಗಳ ಐಸ್ ರಿಂಕಿನ, ಅಂದರೆ ಆ ಆಟದ ಅಂಗಳದ, ಯಜಮಾನರು ಬರುವವರಿದ್ದರು. ಮಾಲೀಕ ನನ್ನನ್ನು ಕರೆದು, "ಇವರು ತೆಗೆದುಕೊಳ್ಳದಿದ್ದರೆ ನಿನಗೆ ಕೊಡಲು ನನ್ನ ಬಳಿ ಕೆಲಸವಿರುವುದಿಲ್ಲ" ಎಂದ. ಸಿಟ್ಟಿನಿಂದಲ್ಲ, ನಾಳೆ ಸ್ನೋ ಬೀಳಬಹುದು ಎಂಬಂತೆ ಹೇಳಿದ. ನನಗೆ ಅಂದಿನಿಂದ ಊಟ ಸೇರಲಿಲ್ಲ. ಎಚ್ ಒನ್ ವೀಸಾ ನನ್ನದು. ಕೆಲಸ ಹೋದರೆ ಈ ದೇಶದಲ್ಲಿರುವ ಹಕ್ಕೂ ಅದರ ಜೊತೆಗೇ ಹೋಗುತ್ತಿತ್ತು. ನನ್ನ ಗಂಡ ನನ್ನ ವೀಸಾದ ಮೇಲೆ ಬಂದವರು, ದುಡಿಯಲು ಪರವಾನಗಿ ಇಲ್ಲ. "ನೀ ಎಂಜಿನ್ನು, ನಾ ಡಬ್ಬಿ" ಎಂದು ನಗುತ್ತಾ ರೊಟ್ಟಿ ಬಡಿಯುತ್ತಿದ್ದರು.

ಶನಿವಾರ ಮಧ್ಯಾಹ್ನ ನನ್ನ ಹೆದರಿಕೆ ಮರೆಸಲು ಅವರು ಕ್ಯಾರಂ ಬೋರ್ಡು ಹಾಸಿದರು. ಅವರು ಹೊಡೆದ ಏಟಿಗೆ ಒಂದು ಕರಿಕಾಯಿ ಪುಟಿದು, ಗಾಲಿಯ ಹಾಗೆ ನೆಟ್ಟಗೆ ನಿಂತು, ಉರುಳುತ್ತಾ ಹೋಗಿ ಮೂಲೆಯ ಕುಳಿಗೆ ಬಿತ್ತು.

"ನೋಡ್ರೀ ಬಾಯಾರ, ಕಾಯಿ ನಿಂತು ನಡದು ಹೋತು! ಇದಕ್ಕ ಡಬಲ್ ಪಾಯಿಂಟ್ ಕೊಡಬೇಕು."

ನಾನು ನಗಲಿಲ್ಲ. ಎದ್ದು ಹೋಗಿ, ಪರೀಕ್ಷೆಗೆಂದು ಮನೆಗೆ ತಂದಿದ್ದ ಅಂಥದೇ ಇನ್ನೊಂದು ತಂತಿಚಾಪೆಯನ್ನು ಅಡುಗೆಮನೆಯ ನೆಲಕ್ಕೆ ಹಾಸಿ ದೀಪ ಜೋಡಿಸಿದೆ. ಪಕ್ಕನ್ನು ಮಲಗಿಸಿ ತಳ್ಳಿದೆ, ದೀಪ ಹತ್ತಿತು. ಬೋರಲು ಹಾಕಿ ತಳ್ಳಿದೆ, ಹತ್ತಿತು. ಗಾಲಿಯ ಹಾಗೆ ನಿಲ್ಲಿಸಿ ಉರುಳಿಸಿದೆ. ದೀಪ ಸುಮ್ಮನಿತ್ತು. ಮತ್ತೆ ಉರುಳಿಸಿದೆ. ಸುಮ್ಮನೇ ಇತ್ತು.

ಚಿಕ್ಕಂದಿನಿಂದ ಕ್ಯಾರಂ ಆಡಿದ ಕೈ ನನ್ನದು. ಬಿಲ್ಲೆ ಎಂದರೆ ಮಲಗಿ ಜಾರುವ ವಸ್ತು ಎಂದೇ ನನ್ನ ಲೆಕ್ಕ. ಪರೀಕ್ಷೆಗಳನ್ನೆಲ್ಲ ಹಾಗೇ ಮಾಡಿದ್ದೆ. ಮಲಗಿದ ಸುರುಳಿ ನನ್ನ ಚಾಪೆಗೆ ಕೇಳಿಸುತ್ತಿತ್ತು, ನಿಂತ ಸುರುಳಿ ಕೇಳಿಸುತ್ತಿರಲಿಲ್ಲ.

"ಆಟದಾಗ ಅದು ಹಿಂಗ ನಿಂದರತೈತೇನು?" ಎಂದರು ಗಂಡ.

"ನಂಗೇನ್ ಗೊತ್ರೀ? ನಾ ಆಟ ನೋಡೀನೇನು?"

"ಹಂಗಾರ ನಿಂದರಂಗಿಲ್ಲ ಅಂತ ತಿಳ್ಕೊ. ಬಾಯಿ ಬಿಟ್ಟು ಕೆಲಸ ಕಳ್ಕೋಬ್ಯಾಡ. ಊರಿಗೆ ವಾಪಸ್ ಹೋಗಿ ನಿಮ್ಮಪ್ಪನ ಮುಂದ ನಿಂದರೂ ಧೈರ್ಯ ನನಗಂತೂ ಇಲ್ಲ."

ನಮ್ಮ ಕಂಪನಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಮೈಸೂರಿನ ಹಿರಿಯರೊಬ್ಬರಿದ್ದರು. ಅವರಿಗೆ ಫೋನ್ ಮಾಡಿದೆ.

"ನಿಂತ್ಕೊಂಡು ಬರೋದು ರೇರ್ ಕಣಮ್ಮಾ," ಎಂದರು. "ನಾಳೆ ಡೆಮೋ ಇಟ್ಕೊಂಡು ಇವತ್ತು ಪ್ಯಾನಿಕ್ ಆಗ್ತಾರಾ? ಮುಗೀಲಿ, ಆಮೇಲೆ ಫಿಕ್ಸ್ ಮಾಡೋಣ."

"ಓನರಿಗೆ ಹೇಳಬೇಕಲ್ರೀ ಸರ್?"

"ಹೇಳಿ ಏನ್ ಮಾಡ್ತೀಯ? ನಿಂದೂ ಎಚ್ ಒನ್ನು, ನಂದೂ ಎಚ್ ಒನ್ನು. ಮಲ್ಕೋ ಹೋಗು."

ಮಾಲೀಕನ ನಂಬರು ನನ್ನ ಬಳಿ ಇತ್ತು. ರಿಸೀವರ್ ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ. ಮಾಡಲಿಲ್ಲ.

ಬೆಳಿಗ್ಗೆ ಹೋದರೆ, ರಿಂಕು ಎಂದರೆ ಗೋಡೌನಿನಂಥ ದೊಡ್ಡ ಶೆಡ್ಡು. ಒಳಗೆ ಹೊರಗಿಗಿಂತ ಚಳಿ. ಗೋಲಿನ ಹಿಂದೆ, ದಪ್ಪ ಗಾಜಿನ ಆಚೆ, ದೀಪದ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಮೈಸೂರಿನ ಸರ್ ಕಂಪ್ಯೂಟರ್ ಇಟ್ಟುಕೊಂಡು ಮೇಲಿನ ಬೆಂಚಿನಲ್ಲಿ ಕುಳಿತರು. ರಿಂಕಿನ ಯಜಮಾನರು ಕಾಫಿ ಕಪ್ಪು ಹಿಡಿದು ಬಂದರು. ವಾರಕ್ಕೊಮ್ಮೆ ಆಡುವ ನಡುವಯಸ್ಸಿನ ಗಂಡಸರು ಐಸಿಗಿಳಿದರು.

ಆಮೇಲೆ ಶುರುವಾಯಿತು ಸದ್ದು. ಪಕ್ ನನ್ನ ಮುಖದೆದುರಿನ ಗಾಜಿಗೆ ಬಂದು ಬಡಿದರೆ ಪಟಾಕಿ ಸಿಡಿದ ಹಾಗೆ. ಗಾಜು ಒಡೆಯುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ಸಲ ಕುಕ್ಕರಿಸಿದೆ. ಆದರೆ ನಿಜವಾದ ಹೆದರಿಕೆ ಬೇರೆಯೇ ಇತ್ತು. ಕೋಲು ತಾಗಿದಾಗ, ಗೋಡೆಗೆ ಬಡಿದು ಬಂದಾಗ, ಆ ಬಿಲ್ಲೆ ಆಗಾಗ ಎದ್ದು ನಿಲ್ಲುತ್ತಿತ್ತು! ನಿಂತು ಉರುಳುತ್ತಿತ್ತು. ರೇರ್ ಅಂತೆ. ಅದು ನಿಂತಾಗಲೆಲ್ಲ ನಾನು ಗೆರೆಯ ಕಡೆ ನೋಡುತ್ತಿದ್ದೆ. ಗೆರೆಯ ಒಳಗೆ ಬರುವಾಗ ಮಾತ್ರ ಅದೃಷ್ಟಕ್ಕೆ ಮಲಗಿಯೇ ಬರುತ್ತಿತ್ತು. ದೀಪ ಹತ್ತುತ್ತಿತ್ತು, ಯಜಮಾನರು ಚಪ್ಪಾಳೆ ತಟ್ಟುತ್ತಿದ್ದರು.

ಕಡೆಗೆ ಬಂತು. ಗಡ್ಡದವನೊಬ್ಬ ಹೊಡೆದ ಪಕ್ ಗೋಲ್‌ಕೀಪರನ ಕಾಲಿಗೆ ತಾಗಿ ಮೇಲೆದ್ದು, ಕೆಳಗೆ ಬಿದ್ದು, ನೆಟ್ಟಗೆ ನಿಂತು, ಸಾವಕಾಶವಾಗಿ ಉರುಳುತ್ತಾ ಗೆರೆ ದಾಟಿತು. ಗೆರೆಗೂ ಬಿಲ್ಲೆಗೂ ನಡುವೆ ಬಿಳಿ ಐಸು ಕಂಡಿತು. ಆಮೇಲೆ ಗೋಲ್‌ಕೀಪರ್ ಅದರ ಮೇಲೆ ಬಿದ್ದ, ಅವನ ಮೇಲೆ ಉಳಿದವರು.

ದೀಪ ಹತ್ತಲಿಲ್ಲ.

ಗಡ್ಡದವನು ಕೋಲೆತ್ತಿ ಗೋಲ್ ಎಂದು ಕೂಗಿದ. ಎದುರಿನವರು ಇಲ್ಲ ಎಂದರು. ಎಲ್ಲರೂ ದೀಪ ನೋಡಿದರು. ಮಾಲೀಕ ಎರಡೂ ಕೈ ಚಾಚಿ, "ಇದಕ್ಕೇ ಅಲ್ಲವೇ ನಾವು ಇದನ್ನು ಮಾಡಿದ್ದು? ದೀಪ ಇಲ್ಲ, ಗೋಲ್ ಇಲ್ಲ" ಎಂದ. ಯಜಮಾನರು ತಲೆದೂಗಿದರು. "ಮುದುಕಪ್ಪಾ, ಕನ್ನಡಕ ಕೊಳ್ಳೋ" ಎಂದು ಯಾರೋ ಛೇಡಿಸಿದರು. ಗಡ್ಡದವನು ಇನ್ನೊಮ್ಮೆ ದೀಪ ನೋಡಿದ. ಕೋಲು ಕೆಳಗಿಳಿಸಿದ. ತನ್ನ ಕಣ್ಣೇ ಸುಳ್ಳು ಹೇಳಿತು ಎಂದುಕೊಂಡ, ಅದು ಅವನ ಮುಖದಲ್ಲಿ ಕಾಣುತ್ತಿತ್ತು.

ಅಂಥ ಮುಖ ನನಗೆ ಗೊತ್ತಿತ್ತು. ಅಪ್ಪನಿಗೆ ಬುತ್ತಿ ಒಯ್ದಾಗ ಮಾರ್ಕೆಟ್ಟಿನ ತೂಕದ ಕಾಟಾದ ಮುಂದೆ ನೋಡಿದ್ದೆ. ಹತ್ತಿ ತಂದವನು, ಮನೆಯಲ್ಲಿ ತಾನೇ ತೂಗಿ ಬಂದವನು, ಮುಳ್ಳು ಕಡಿಮೆ ತೋರಿಸಿದಾಗ ಮುಳ್ಳನ್ನೇ ನಂಬಿ ಬಾಯಿ ಮುಚ್ಚುತ್ತಿದ್ದ. ಪಕ್ಕದಲ್ಲಿ ನಿಂತ ನಮ್ಮಪ್ಪ ನೆಲ ನೋಡುತ್ತಿದ್ದ. ಮಾತಾಡಿದರೆ ನಾಳೆ ಅವನಿಗೆ ಮೂಟೆ ಸಿಗುತ್ತಿರಲಿಲ್ಲ.

ಗಾಜು ಬಡಿದೆ. ಯಾರಿಗೂ ಕೇಳಲಿಲ್ಲ. ಮೇಲಿನಿಂದ ಸರ್ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಪಕ್ಕದ ಗಿಡ್ಡ ಬಾಗಿಲು ತೆಗೆದು ಐಸಿನ ಮೇಲೆ ಕಾಲಿಟ್ಟೆ. ಇಟ್ಟ ಕ್ಷಣವೇ ಜಾರಿ ಕುಂಡೆ ಊರಿ ಕುಳಿತೆ. ಇಬ್ಬರು ಆಟಗಾರರು ಬಂದು ರಟ್ಟೆ ಹಿಡಿದೆತ್ತಿ, ಮೂಟೆ ಎಳೆದ ಹಾಗೆ ನನ್ನನ್ನು ಗೋಲಿನ ಬಳಿ ಎಳೆದೊಯ್ದರು.

"ಗೋಲ್ ಆಗಿದೆ. ನಾನು ನೋಡಿದೆ. ದೀಪ ತಪ್ಪು," ಎಂದೆ. ಧ್ವನಿ ಬೆಕ್ಕಿನ ಮರಿಯ ಹಾಗೆ ಬಂತು. ಯಾರೋ "ಏನು?" ಎಂದರು. ಪಕ್ ತೆಗೆದುಕೊಂಡು ನಿಲ್ಲಿಸಿ ಉರುಳಿಸಿದೆ, ಕತ್ತಲೆ. ಮಲಗಿಸಿ ತಳ್ಳಿದೆ, ಕೆಂಪು.

ಯಜಮಾನರಲ್ಲೊಬ್ಬ, "ಹಾಗಾದರೆ ದೀಪ ಬೇಡ, ಗೋಲಿನ ಹಿಂದೆ ಈಕೆಯನ್ನೇ ನಿಲ್ಲಿಸೋಣ" ಎಂದ. ಎಲ್ಲರೂ ನಕ್ಕರು. ಗಡ್ಡದವನು ಚಪ್ಪಾಳೆಯ ಬದಲು ಕೋಲಿನಿಂದ ಐಸನ್ನು ಟಕಟಕ ಬಡಿದ. ಮಾಲೀಕ ನಗಲಿಲ್ಲ. "ಸರಿ ಮಾಡಿದ ಮೇಲೆ ಕರೆ" ಎಂದು ಹೇಳಿ ಯಜಮಾನರು ಹೊರಟುಹೋದರು.

ಮಾಲೀಕನೇ ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟ. ದಾರಿಯಲ್ಲಿ ಕೇಳಿದ:

"ಯಾವಾಗ ಗೊತ್ತಾಯಿತು?"

"ನಿನ್ನೆ."

"ನನಗೇಕೆ ಹೇಳಲಿಲ್ಲ?"

"ಹೆದರಿಕೆ."

"ಅಷ್ಟು ಜನರ ಮುಂದೆ ಹೇಳಲು ಹೆದರಿಕೆಯಾಗಲಿಲ್ಲವೇ?"

"ಅದಕ್ಕಿಂತ ಜಾಸ್ತಿ ಆಯಿತು."

ಮನೆಯ ಮುಂದೆ ಕಾರು ನಿಲ್ಲಿಸಿ, "ನಾಳೆ ಬಾ" ಎಂದಷ್ಟೇ ಹೇಳಿದ. ಅಲ್ಲಿ ಕೆಲಸದಿಂದ ತೆಗೆಯುವಾಗಲೂ ಹಾಗೇ ಕರೆಯುತ್ತಾರೆ. ಗಂಡ ಬಾಗಿಲಲ್ಲೇ ನಿಂತಿದ್ದರು.

"ಹೋತೇನು?"

"ಗೊತ್ತಿಲ್ಲ. ನಾಳೆ ಬಾ ಅಂದಾನ."

"ಹಂಗಾರ ಇನ್ನೂ ಹೋಗಿಲ್ಲ. ಉಣ್ಣು ಬಾ." ತಟ್ಟೆ ಹಾಕಿದರು, ಇಬ್ಬರೂ ಉಣ್ಣಲಿಲ್ಲ.

ಸೋಮವಾರ ಆಫೀಸಿಗೆ ಹೋದಾಗ ನನ್ನ ಮೇಜಿನ ಮೇಲೆ ಒಂದು ಪಕ್ಕನ್ನು ನೆಟ್ಟಗೆ ನಿಲ್ಲಿಸಿ ಇಟ್ಟಿತ್ತು. ಉರುಳದ ಹಾಗೆ ಎರಡೂ ಕಡೆ ರಬ್ಬರಿನ ಒತ್ತು. ಮಾಲೀಕ ಕಾಫಿ ಕುಡಿಯುತ್ತಾ ಬಂದು ನಿಂತ.

"ಇದೂ ಕೇಳಿಸುವ ಹಾಗೆ ಮಾಡು," ಎಂದ. "ಇನ್ನು ಮುಂದೆ ಹೆದರಿಕೆಯಾದರೆ ಶನಿವಾರವೇ ಹೆದರು. ನನಗೆ ಫೋನ್ ಮಾಡಿ ಹೆದರು."

ಗೋಲಿನ ಎರಡು ಕಂಬಗಳಿಗೂ ತಂತಿ ಸುತ್ತಿದರಾಯಿತು ಎಂದು ನನಗೆ ಆಗಲೇ ಹೊಳೆದಿತ್ತು. ಆದರೆ ಬೆಸುಗೆ ಕಡ್ಡಿ ಮುಟ್ಟುವ ಮೊದಲು ಇನ್ನೊಂದು ಕೆಲಸವಿತ್ತು. ಮನೆಗೆ ಫೋನ್ ಮಾಡಿ, "ಬ್ಯಾಗ್ ತುಂಬಬ್ಯಾಡ್ರಿ" ಎಂದೆ.

"ತುಂಬಿದವರು ಯಾರು?" ಎಂದರು ಗಂಡ. "ನಾ ಇಲ್ಲಿ ಹಿಟ್ಟು ನಾದಾಕತ್ತೀನಿ."

ಸಂಜೆ ಹೋಗಿ ಬೀರು ತೆರೆದೆ. ಸೀರೆಗಳೆಲ್ಲ ಜಾಗದಲ್ಲೇ ಇದ್ದವು. ಆದರೆ ಮಡಿಕೆ ನನ್ನದಾಗಿರಲಿಲ್ಲ.