ದಲ್ಲಾಳಿಯನ್ನು ಬಿಟ್ಟವನ ಮಾತು

ನನ್ನ ಸೋದರತ್ತೆಯದು ಎಣ್ಣೆ ಗಿರಣಿ. ಎರಡು ಯಂತ್ರ, ನಾಲ್ಕು ಜನ ಕೆಲಸದವರು, ಕಿಟಕಿಯ ಸರಳಿಗೂ ಅಂಟಿದ ಜಿಡ್ಡು. ಆಸ್ಪತ್ರೆಯ ಅಡುಗೆಮನೆಗೆ ವರ್ಷವಿಡೀ ಒಂದೇ ಬೆಲೆಗೆ ಎಣ್ಣೆ ಕೊಡಲು ಅವಳು ಒಪ್ಪಿಬಿಟ್ಟಿದ್ದಳು. ಸೂರ್ಯಕಾಂತಿ ಬೀಜದ ಬೆಲೆ ಏರಿದರೆ ಗಿರಣಿ ಮುಚ್ಚಬೇಕಾಗುತ್ತಿತ್ತು.

ಉಳಿದ ದಾರಿ ವಾಯಿದೆ ವ್ಯಾಪಾರ. ಮೂರು ತಿಂಗಳ ಬಳಿಕದ ಬೀಜಕ್ಕೆ ಇವತ್ತೇ ಬೆಲೆ ಕಟ್ಟಿಕೊಳ್ಳುವುದು. ಪೇಟೆ ಏರಿದರೆ ವಾಯಿದೆಯ ಲಾಭ ಬೀಜದ ದುಬಾರಿಯನ್ನು ಸರಿದೂಗಿಸುತ್ತದೆ. ಇಳಿದರೆ ಅಲ್ಲಿ ನಷ್ಟ, ಇಲ್ಲಿ ಬೀಜ ಅಗ್ಗ. ಆದರೆ ಹತ್ತು ವರ್ಷದ ಉಳಿತಾಯವನ್ನು ದಲ್ಲಾಳಿಯ ಬಳಿ ಠೇವಣಿ ಇಡಬೇಕು. ಊರಿಗಿದ್ದ ಒಬ್ಬನೇ ದಲ್ಲಾಳಿಗೆ ಜನ ಇಟ್ಟ ಹೆಸರು ಸಿಡುಕಣ್ಣ.

ಅವನ ಪರವಾನಗಿ ನಿಜವಾದದ್ದೇ ಎಂದು ಫೋನು ಮಾಡಿ ವಿಚಾರಿಸಿದೆವು. ಅತ್ತೆಗೆ ಅಷ್ಟು ಸಾಲಲಿಲ್ಲ.

"ಜೊತೆಗಿರೋರು ಹೊಗಳ್ತಾರೆ ಕಣೇ. ಬಿಟ್ಟವರನ್ನ ಕೇಳಿದ್ರೆ ಬಂಡವಾಳ ಗೊತ್ತಾಗುತ್ತೆ," ಎಂದು ನನ್ನನ್ನು ಸೋಪಿನ ಕಾರ್ಖಾನೆಗೆ ಕರೆದೊಯ್ದಳು. ಅದರ ಮಾಲೀಕ ಸಿಡುಕಣ್ಣನನ್ನು ಬಿಟ್ಟು ಆರು ತಿಂಗಳಾಗಿತ್ತು.

"ಅವನಾ? ಅವನ ಸಹವಾಸ ಬೇಡಕ್ಕಾ!"

ಅತ್ತೆಯ ಮುಖ ಸಣ್ಣಗಾಯಿತು. "ದುಡ್ಡು ನುಂಗಿದ್ನಾ?"

"ನುಂಗೋದೆಲ್ಲಿ ಬಂತು, ಕಾಸಿಗೆ ಕಾಸು ವಾಪಸ್ ಕೊಟ್ಟ. ಆದ್ರೆ ಬೆಲೆ ಇಳಿದ ಮಾರನೇ ದಿನ ಹಲ್ಲುಜ್ಜೋಕೂ ಬಿಡ್ತಿರಲಿಲ್ಲ. ನಷ್ಟ ಕಳೆದು ಠೇವಣಿ ಕಮ್ಮಿ ಬಿದ್ದಿದೆ, ತುಂಬಿ ಅಂತ ಫೋನು! ಅದೂ ಹೋಗ್ಲಿ. ಕಾರ್ಖಾನೆಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು ಬರ್ಕೊಳ್ಳಯ್ಯಾ, ಅದೃಷ್ಟ ನೋಡೋಣ ಅಂದೆ. 'ಜೂಜಾಡೋದಾದ್ರೆ ಇಸ್ಪೀಟು ಕೊಂಡ್ಕೊಳ್ಳಿ, ಅಗ್ಗ' ಅಂದ!"

"ಹಾಗಂದ್ನಾ?"

"ಮುಖಕ್ಕೆ ಹೊಡೆದ ಹಾಗೆ!"

"ಛೆ, ಛೆ," ಎಂದಳು ಅತ್ತೆ, ತುಟಿ ಕಚ್ಚಿ ನಗು ತಡೆಯುತ್ತ. ಬೀದಿಗೆ ಬಂದವಳೇ ನನ್ನ ತೋಳು ಹಿಡಿದು ಉದ್ದಕ್ಕೆ ಉಸಿರು ಬಿಟ್ಟಳು. ಅಲ್ಲಿಂದ ನೇರ ದಲ್ಲಾಳಿಯ ಕಚೇರಿಗೆ.

ಸಿಡುಕಣ್ಣ ತಲೆಯೆತ್ತದೆ ಕೇಳಿದ, "ಗಿರಣಿಗೆ ಎಷ್ಟು ಬೀಜ ಬೇಕು?" ಅತ್ತೆ ಹೇಳಿದಷ್ಟನ್ನೇ ಬರೆದುಕೊಂಡ. ಒಂದು ಚೀಲವೂ ಹೆಚ್ಚಿಲ್ಲ.

ಮೂರನೇ ತಿಂಗಳು ಬೀಜದ ಬೆಲೆ ಗಗನಕ್ಕೇರಿತು. ವಾಯಿದೆಯ ಹಣ ಕೈಸೇರಿತು, ಬೀಜ ಬಂತು, ಎಣ್ಣೆಯ ಡಬ್ಬಗಳು ಆಸ್ಪತ್ರೆಗೆ ಹೊರಟವು. ಅಂದು ಮಧ್ಯಾಹ್ನ ನಾನು ಹೋದಾಗ ಅತ್ತೆ ಹಿಂಡಿಯ ಚೀಲಗಳಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಎರಡೂ ಯಂತ್ರಗಳು ಕಿವಿಗಡಚಿಕ್ಕುವಂತೆ ಓಡುತ್ತಿದ್ದವು. ಅವಳಿಗೆ ಎಚ್ಚರವಾದೀತೆಂದು ಕೆಲಸದವರು ತುದಿಗಾಲಲ್ಲಿ ನಡೆಯುತ್ತಿದ್ದರು.